ಕುಂಬಳಕಾಯಿ ಹಿಡಿದು ಕೂತ ಕೆಂಪು ಮನುಷ್ಯ: ಹಳೆ ಕಾರಿನ ಏರ್‌ಬ್ಯಾಗ್ ದೀಪ ಏನು ಹೇಳುತ್ತದೆ?

ಚಾರ್ಮಾಡಿ ಘಾಟಿಯನ್ನು ಹಾರ್ನ್ ಇಲ್ಲದೆ ಇಳಿಯಬಾರದು. ಹೋದ ವರ್ಷ ಮಳೆ ನಿಂತ ಮೇಲೆ ಕೊಟ್ಟಿಗೆಹಾರದಿಂದ ಉಜಿರೆ ಕಡೆಗೆ ಇಳಿಯುತ್ತಿದ್ದೆ. ಕಾರು 2011ರದ್ದು, ಮನೆಯವರೆಲ್ಲರ ಕೈಯಲ್ಲಿ ಪಳಗಿದ್ದು. ನೇರ ರಸ್ತೆಯಲ್ಲಿ ಹಾರ್ನ್ ಚೆನ್ನಾಗಿಯೇ ಕೂಗುತ್ತಿತ್ತು. ಕಡಿದಾದ ತಿರುವು ಬಂತು, ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಹಾರ್ನ್ ಒತ್ತಿದೆ. ಸದ್ದೇ ಇಲ್ಲ. ಸ್ಟೀರಿಂಗ್ ನೇರವಾದ ಕೂಡಲೇ ಮತ್ತೆ ಕೂಗಿತು. ಎರಡು ತಿರುವು ಹೀಗೇ ಆಯಿತು. ಮೂರನೆಯದರಲ್ಲಿ ಮೀಟರ್ ಬೋರ್ಡಿನಲ್ಲಿ ಕೆಂಪು ದೀಪವೊಂದು ಹೊತ್ತಿಕೊಂಡಿತು. ಸೀಟಿನಲ್ಲಿ ಕೂತ ಮನುಷ್ಯ, ಅವನ ಎದುರಿಗೆ ದೊಡ್ಡದೊಂದು ಗುಂಡು. ಹಿಂದಿನ ಸೀಟಿನಿಂದ ಮಗಳು ಬಗ್ಗಿ ನೋಡಿ, "ಅಪ್ಪಾ, ಅವನ್ಯಾಕೆ ಕುಂಬಳಕಾಯಿ ಹಿಡ್ಕೊಂಡು ಕೂತಿದ್ದಾನೆ?" ಅಂದಳು.

ಅದು ಏರ್‌ಬ್ಯಾಗ್ ದೀಪ. ಹಾರ್ನಿಗೂ ಏರ್‌ಬ್ಯಾಗಿಗೂ ಏನು ಸಂಬಂಧ ಅನ್ನುವುದು ಆಗ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಮುಂದೆ ಮೂರು ಗ್ಯಾರೇಜು ಅಲೆಯುವುದು ತಪ್ಪುತ್ತಿತ್ತು.

ಈ ದೀಪ ಕಂಡರೆ ಕೆಲವರಿಗೆ ಭಯ. ಹೋಗ್ತಾ ಹೋಗ್ತಾ ಎಲ್ಲಿ ಮುಖಕ್ಕೆ ಸಿಡಿಯುತ್ತದೋ ಅಂತ. ಇನ್ನು ಕೆಲವರಿಗೆ ಲೆಕ್ಕಕ್ಕೇ ಇಲ್ಲ. ಗಾಡಿ ಓಡ್ತಿದೆ, ಮೈಲೇಜು ಕೊಡ್ತಿದೆ, ದೀಪ ಉರಿದರೆ ಉರೀಲಿ. ನಾನು ಮೊದಲ ವಾರ ಎರಡನೇ ಗುಂಪಿನಲ್ಲಿದ್ದೆ. ಎರಡೂ ಸರಿಯಲ್ಲ. ದೀಪ ಹೊತ್ತಿದ್ದರೆ ಏರ್‌ಬ್ಯಾಗ್ ತಾನಾಗಿ ಸಿಡಿಯುವುದಕ್ಕಿಂತ, ಬೇಕಾದಾಗ ತೆರೆಯದೇ ಹೋಗುವ ಸಾಧ್ಯತೆಯೇ ತುಂಬಾ ಜಾಸ್ತಿ. ದೋಷ ಕಂಡ ಮೇಲೆ ಕೆಲವು ಕಾರುಗಳು ಆ ಒಂದು ಬ್ಯಾಗನ್ನು ಮಾತ್ರ ಪಕ್ಕಕ್ಕಿಡುತ್ತವೆ, ಕೆಲವು ಇಡೀ ವ್ಯವಸ್ಥೆಯನ್ನೇ ಬಂದ್ ಮಾಡುತ್ತವೆ. ನಿಮ್ಮದು ಯಾವುದು ಅಂತ, ದೋಷ ಓದುವ ಸ್ಕ್ಯಾನರ್ ಜೋಡಿಸಿ ನೋಡುವವರೆಗೆ ಗೊತ್ತಾಗುವುದಿಲ್ಲ. ಹಾಗಾಗಿ ದೀಪ ಉರಿಯುವಷ್ಟು ದಿನ ಕಾರಿನಲ್ಲಿ ಏರ್‌ಬ್ಯಾಗೇ ಇಲ್ಲ ಅಂತ ಇಟ್ಟುಕೊಳ್ಳಿ. ಸೀಟ್ ಬೆಲ್ಟ್ ಹಾಕಿ, ಓಡಿಸಿ, ಆದರೆ ರಿಪೇರಿಯನ್ನು ಯುಗಾದಿಗೆ, ದಸರಾಕ್ಕೆ ಅಂತ ಮುಂದೂಡಬೇಡಿ.

ಎರಡು ಓಮ್‌ನ ಕಥೆ

ದೀಪ ಯಾಕೆ ಹೊತ್ತುತ್ತದೆ ಅಂತ ತಿಳಿಯಲು ಒಳಗೆ ಏನಿದೆ ಅಂತ ಸ್ವಲ್ಪ ನೋಡಬೇಕು. ಸ್ಟೀರಿಂಗ್ ನಡುವಿನ ಮುಚ್ಚಳದ ಹಿಂದೆ ಮಡಚಿಟ್ಟ ಬಟ್ಟೆಯ ಚೀಲ. ಅದರ ಬೆನ್ನಿಗೆ ಇನ್‌ಫ್ಲೇಟರ್ ಅನ್ನುವ ಲೋಹದ ಡಬ್ಬಿ. ಡಬ್ಬಿಯೊಳಗೆ ಹೊತ್ತಿಕೊಂಡರೆ ಕ್ಷಣದಲ್ಲಿ ಗ್ಯಾಸ್ ಆಗುವ ರಾಸಾಯನಿಕ. ಹಳೆಯ ಕಾಲದ್ದರಲ್ಲಿ ಸೋಡಿಯಂ ಅಜೈಡ್ ಇರುತ್ತಿತ್ತು, ಆಮೇಲೆ ಬೇರೆ ಬೇರೆ ಬಂದವು. ಅದಕ್ಕೆ ಬೆಂಕಿ ಹಚ್ಚುವುದು ಸ್ಕ್ವಿಬ್ ಅನ್ನುವ ಪುಟ್ಟ ಕಿಡಿ. ಪಟಾಕಿಗೆ ಬತ್ತಿ ಇದ್ದ ಹಾಗೆ, ಆದರೆ ಇದು ಕರೆಂಟಿನಿಂದ ಹೊತ್ತುವ ಬತ್ತಿ. ಒಳಗೆ ಕೂದಲಿನಷ್ಟು ತೆಳು ತಂತಿ. ಸುಮಾರು 1.2 ಆಂಪಿಯರ್ ಕರೆಂಟು ಸೆಕೆಂಡಿನ 500ನೇ ಒಂದು ಭಾಗದಷ್ಟು ಹೊತ್ತು ಹರಿದರೆ ಸಾಕು, ಹೊತ್ತಿಕೊಳ್ಳುತ್ತದೆ.

ಡಿಕ್ಕಿಯಾದಾಗ ಎಲ್ಲ ಎಷ್ಟು ಬೇಗ ನಡೆಯುತ್ತದೆ ಅಂದರೆ, ಪೆಟ್ಟು ಬಿದ್ದ ಕ್ಷಣದಿಂದ ಚೀಲ ಪೂರ್ತಿ ಉಬ್ಬುವವರೆಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು. ಕಣ್ಣು ಮಿಟುಕಿಸಲು ಇದರ ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ಬೇಕು. ಇಷ್ಟು ಅವಸರದ ಕೆಲಸ, ಅದೂ ಕಾರಿನ ಇಡೀ ಆಯುಷ್ಯದಲ್ಲಿ ಒಂದೇ ಸಲ ಮಾಡಬೇಕಾದದ್ದು. ಇದನ್ನು ಪರೀಕ್ಷೆ ಮಾಡುವುದು ಹೇಗೆ? ಹೆಡ್‌ಲೈಟ್ ಆದರೆ ಹಾಕಿ ನೋಡಬಹುದು. ಬ್ರೇಕ್ ಆದರೆ ತುಳಿದು ನೋಡಬಹುದು. ಏರ್‌ಬ್ಯಾಗನ್ನು ಒಮ್ಮೆ ಸಿಡಿಸಿ ನೋಡೋಣ ಅನ್ನೋ ಹಾಗಿಲ್ಲ.

ಅದಕ್ಕೆ ಎಂಜಿನಿಯರುಗಳು ಕಂಡುಕೊಂಡ ದಾರಿ ಚೆನ್ನಾಗಿದೆ. ಗೇರ್ ಲಿವರಿನ ಮುಂದೆ, ನೆಲದ ಮೇಲೆ, ಏರ್‌ಬ್ಯಾಗ್ ಮಾಡ್ಯೂಲ್ ಅನ್ನುವ ಪುಟ್ಟ ಪೆಟ್ಟಿಗೆ ಇರುತ್ತದೆ. ಬಹುತೇಕ ಕಾರುಗಳಲ್ಲಿ ಅದರ ಜಾಗ ಅದೇ. ಕೀ ಆನ್ ಆಗಿರುವಷ್ಟು ಹೊತ್ತೂ ಅದು ಪ್ರತಿ ಸ್ಕ್ವಿಬ್‌ಗೂ ಚೂರೇ ಚೂರು ಕರೆಂಟು ಕಳಿಸಿ ನೋಡುತ್ತಿರುತ್ತದೆ. ಬತ್ತಿ ಹೊತ್ತುವುದಕ್ಕೆ ಏನೇನೂ ಸಾಲದಷ್ಟು. ಆ ಕರೆಂಟು ಹೋಗಿ ಬರುವ ದಾರಿಯಲ್ಲಿ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅಡ್ಡಿ, ಎಷ್ಟಿದೆ ಅಂತ ಅಳೆಯುತ್ತದೆ. ಅದರ ಅಳತೆಯೇ ಓಮ್. ಎಲ್ಲ ಸರಿ ಇದ್ದರೆ ಸುಮಾರು 2 ಓಮ್ ಬರುತ್ತದೆ. ಬಂದರೆ ಸುಮ್ನಿರುತ್ತದೆ. ನಾಲ್ಕೈದು ಓಮ್ ಬಂದರೆ ಎಲ್ಲೋ ಕನೆಕ್ಷನ್ ಸಡಿಲ, ಇಲ್ಲವೇ ಕಿಲುಬು ಹಿಡಿದಿದೆ. ಅಳತೆಗೇ ಸಿಗದಷ್ಟು ಬಂದರೆ ತಂತಿ ತುಂಡಾಗಿದೆ. ತೀರಾ ಕಡಿಮೆ ಬಂದರೆ ಎರಡು ತಂತಿ ಒಂದಕ್ಕೊಂದು ತಾಗಿವೆ. ಯಾವುದೇ ಆದರೂ ದೀಪ ಹಚ್ಚಿ, ದೋಷ ಯಾವ ಸರ್ಕ್ಯೂಟಿನಲ್ಲಿ ಅಂತ ಹೇಳುವ ಕೋಡ್ ಬರೆದಿಟ್ಟುಕೊಳ್ಳುತ್ತದೆ.

ಕೊಳೆ ಹಿಡಿದ ಕನೆಕ್ಷನ್‌ನಿಂದ ಹೆಡ್‌ಲೈಟ್ ಕೊಂಚ ಮಂಕಾದೀತು, ಅಷ್ಟೇ. ನಮಗೆ ಗೊತ್ತೂ ಆಗುವುದಿಲ್ಲ. ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ಒಂದೆರಡು ಓಮ್ ಏರುಪೇರಾದರೂ ಮಾಡ್ಯೂಲ್ ಒಪ್ಪುವುದಿಲ್ಲ. ಹತ್ತು ಹನ್ನೆರಡು ವರ್ಷ ಧೂಳು, ಮಳೆ, ಕುಲುಕಾಟ ಕಂಡ ಕಾರಿನಲ್ಲಿ ಈ ದೀಪ ಪದೇ ಪದೇ ಬರುವುದು ಅದಕ್ಕೇ. ಬಹಳಷ್ಟು ಸಲ ಚೀಲವೂ ಚೆನ್ನಾಗಿರುತ್ತದೆ, ಪೆಟ್ಟಿಗೆಯೂ ಚೆನ್ನಾಗಿರುತ್ತದೆ. ಕೆಟ್ಟಿರುವುದು ನಡುವಿನ ದಾರಿ.

ನಾನು ಹೋದ ಮೊದಲ ಗ್ಯಾರೇಜಿನವರು ಇದೊಂದನ್ನೂ ನೋಡಲಿಲ್ಲ. "ಮಾಡ್ಯೂಲ್ ಹೋಗಿದೆ ಸಾರ್, ಮೂವತ್ತು ಸಾವಿರದ ಮೇಲಾಗುತ್ತೆ" ಅಂದರು. ಹೇಗೆ ಗೊತ್ತಾಯಿತು ಅಂತ ಕೇಳಿದ್ದಕ್ಕೆ, "ದೀಪ ಉರೀತಿದೆಯಲ್ಲ" ಅಂದರು. ಎರಡನೆಯವರು ಇನ್ನೂ ಧಾರಾಳಿ. "ಮೀಟರ್ ಬಿಚ್ಚಿ ಬಲ್ಬ್ ತೆಗೆದುಬಿಡ್ತೀನಿ. ಟೀ ಕುಡಿದು ಬರೋಷ್ಟರಲ್ಲಿ ಆಗುತ್ತೆ."

ಮೂರನೆಯವರು ಕಾರ್ ಎಲೆಕ್ಟ್ರಿಷಿಯನ್. ಹಣೆ ಮೇಲೆ ಕನ್ನಡಕ ಏರಿಸಿಕೊಂಡ ಹಿರಿಯರು. ಬಾನೆಟ್ ಮುಟ್ಟಲಿಲ್ಲ, ಸ್ಕ್ಯಾನರ್ ತೆಗೆಯಲಿಲ್ಲ. "ಯಾವಾಗ ಬಂತು ದೀಪ? ಅದಕ್ಕೂ ಮುಂಚೆ ಗಾಡಿಗೆ ಏನೇನು ಮಾಡಿಸಿದ್ರಿ?" ಅಂತ ಎರಡು ಪ್ರಶ್ನೆ ಕೇಳಿದರು. ಎರಡನೇ ಪ್ರಶ್ನೆಗೆ ಉತ್ತರ ಕೊಡಲು ನನಗೆ ಹೊತ್ತು ಹಿಡಿಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಎಲ್ಲಿ ಹುಡುಕಬೇಕು

ಹಳೆ ಕಾರಿನಲ್ಲಿ ಮೊದಲ ಅನುಮಾನ ಸೀಟಿನ ಅಡಿಗೆ. ಮುಂದಿನ ಸೀಟಿನ ಕೆಳಗೆ ಕೈ ಹಾಕಿದರೆ ವೈರುಗಳು ಸಿಗುತ್ತವೆ, ಅವುಗಳ ತುದಿಗೆ ಪ್ಲಾಸ್ಟಿಕ್ ಕಪ್ಲರ್. ಹಳದಿ ಬಣ್ಣದ್ದು ಕಂಡರೆ ಅದು ಏರ್‌ಬ್ಯಾಗಿನದು ಅಂತ ಲೆಕ್ಕ. ಹಳದಿ ಅಂದರೆ 'ಗೊತ್ತಿಲ್ಲದವರು ಮುಟ್ಟಬೇಡಿ' ಅನ್ನುವ ಸನ್ನೆ. ಸೀಟಿನ ಪಕ್ಕದ ಏರ್‌ಬ್ಯಾಗಿಗೆ, ಬೆಲ್ಟ್ ಹಾಕಿದ್ದೀರಾ ಇಲ್ಲವಾ ಅಂತ ನೋಡುವ ಬಕಲ್ ಸ್ವಿಚ್ಚಿಗೆ, ಕೆಲವು ಕಾರುಗಳಲ್ಲಿ ಬೆಲ್ಟನ್ನು ಥಟ್ಟನೆ ಬಿಗಿಯುವ ಪ್ರಿಟೆನ್ಷನರ್‌ಗೆ ವೈರು ಇಲ್ಲಿಂದಲೇ ಹೋಗುತ್ತದೆ. ಇದೇ ಜಾಗದಲ್ಲಿ ನಾವು ಏನೆಲ್ಲ ತುರುಕುತ್ತೇವೆ! ಛತ್ರಿ, ನೀರಿನ ಬಾಟಲಿ, ಚಪ್ಪಲಿ, ಎಂದೋ ತಂದ ತೆಂಗಿನಕಾಯಿ. ಸೀಟು ಹಿಂದೆ ಮುಂದೆ ಜರುಗಿಸಿದಾಗೆಲ್ಲ ವೈರು ಎಳೆಯುತ್ತದೆ, ಒಳಗಿನ ಪಿನ್ನು ಸಡಿಲವಾಗುತ್ತದೆ. ವಾಟರ್ ಸರ್ವಿಸ್‌ನಲ್ಲಿ ಕಾರ್ಪೆಟ್ ಒದ್ದೆಯಾದರೆ ಅಲ್ಲೇ ಕಿಲುಬು.

ಸೀಟು ಜರುಗಿಸಿದ ಮೇಲೆ, ಒಳಗೆಲ್ಲ ಕ್ಲೀನ್ ಮಾಡಿಸಿದ ಮೇಲೆ, ಹೊಸ ಸೀಟ್ ಕವರ್ ಹಾಕಿಸಿದ ಮೇಲೆ ದೀಪ ಬಂದಿದ್ದರೆ ಬೇರೆಲ್ಲೂ ನೋಡಬೇಕಿಲ್ಲ, ಮೊದಲು ಇಲ್ಲೇ ನೋಡಿಸಿ. ಅಂದ ಹಾಗೆ, ಸೀಟಿನ ಬದಿಯಲ್ಲಿ 'ಏರ್‌ಬ್ಯಾಗ್' ಅಂತ ಪುಟ್ಟ ಚೀಟಿ ಇದ್ದರೆ ಅಲ್ಲಿಂದ ಚೀಲ ಹೊರಗೆ ಬರಬೇಕು. ದಪ್ಪ ರೆಕ್ಸಿನ್ ಕವರ್ ಹೊಲಿಸಿ ಅದರ ಬಾಯಿ ಕಟ್ಟಿದರೆ ದೀಪ ಏನೂ ಹೇಳುವುದಿಲ್ಲ, ಚೀಲ ಮಾತ್ರ ಒಳಗೇ ಒದ್ದಾಡುತ್ತದೆ. ಎಡಗಡೆ ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದ ಗಣಪನ ಕಥೆಯೂ ಇದೇ. ಅಲ್ಲೇ ಅಡಿಯಲ್ಲಿ ಪಕ್ಕದವರ ಏರ್‌ಬ್ಯಾಗ್ ಇದ್ದರೆ, ಅದರ ಮುಚ್ಚಳ ಹಾರಿದಾಗ ಗಣಪನೂ ಕೂತವರ ಮುಖದ ಕಡೆಗೇ ಹಾರುತ್ತಾನೆ. ಚೂರು ಪಕ್ಕಕ್ಕೆ ಕೂರಿಸಿದರೆ ಅವನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬ್ಯಾಟರಿಯನ್ನೂ ಮರೆಯಬೇಡಿ. ಬ್ಯಾಟರಿ ಬತ್ತಿದ್ದರೆ, ಅಥವಾ ಬೇರೆ ಗಾಡಿಯಿಂದ ವೈರು ಕೊಟ್ಟು ಸ್ಟಾರ್ಟ್ ಮಾಡಿದ್ದರೆ, ವೋಲ್ಟೇಜ್ ಕುಸಿದದ್ದಕ್ಕೇ ಮಾಡ್ಯೂಲ್ ದೂರು ಬರೆದುಕೊಂಡಿರುತ್ತದೆ. ಬ್ಯಾಟರಿ ಸರಿಯಾದ ಮೇಲೂ ಕೆಲವು ಕಾರುಗಳಲ್ಲಿ ದೀಪ ತಾನಾಗಿ ಆರುವುದಿಲ್ಲ, ಕೋಡ್ ಅಳಿಸಬೇಕು. ಇದು ಎಲ್ಲಕ್ಕಿಂತ ಅಗ್ಗದ ರಿಪೇರಿ.

ಮುಂದಿನ ಬಂಪರ್ ಹಿಂದೆ ಕೆಲವು ಕಾರುಗಳಲ್ಲಿ ಡಿಕ್ಕಿ ಅಳೆಯುವ ಸೆನ್ಸರ್ ಇರುತ್ತದೆ. ಕೆಸರು, ಮಳೆ, ಕರಾವಳಿಯಾದರೆ ಉಪ್ಪುಗಾಳಿ, ಎಲ್ಲ ಮೊದಲು ತಾಗುವುದು ಅದಕ್ಕೆ. ಬಂಪರ್ ಬಿಚ್ಚಿ ಪೇಂಟ್ ಮಾಡಿಸಿದ ಮೇಲೆ ದೀಪ ಬಂದರೆ ಅದರ ಕಪ್ಲರ್ ಹಾಕಲು ಮರೆತಿದ್ದಾರಾ ಅಂತ ಕೇಳಿ. ಮಾಡ್ಯೂಲ್ ನೆಲದ ಮೇಲೇ ಇರುವುದರಿಂದ ಅಂಡರ್‌ಪಾಸಿನಲ್ಲಿ ನೀರು ನುಗ್ಗಿದ ಕಾರಿನಲ್ಲಿ ಅದು ನಿಜವಾಗಿಯೇ ಸಾಯುತ್ತದೆ. ಆಗ ಬದಲಿಸದೆ ಗತಿಯಿಲ್ಲ. ಇನ್ನು ಇಲಿ. ಮನೆ ಮುಂದೆ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಯಾವ ವೈರನ್ನು ಕಡಿದಿರುತ್ತದೆ ಅಂತ ಬ್ರಹ್ಮನಿಗೂ ಗೊತ್ತಿರುವುದಿಲ್ಲ.

ಈಗ ಸ್ಟೀರಿಂಗಿಗೆ ಬರೋಣ. ಚಾಲಕನ ಏರ್‌ಬ್ಯಾಗ್ ಇರುವುದು ಸ್ಟೀರಿಂಗ್ ಚಕ್ರದ ನಡುವೆ. ಚಕ್ರ ತಿರುಗುತ್ತದೆ, ಅದರ ಜೊತೆ ಏರ್‌ಬ್ಯಾಗೂ ತಿರುಗುತ್ತದೆ. ಮಾಡ್ಯೂಲ್ ಕೂತಲ್ಲೇ ಇರುತ್ತದೆ. ಹಾಗಾದರೆ ವೈರು ತಿರುಚಿ ತುಂಡಾಗುವುದಿಲ್ಲವಾ? ಅದಕ್ಕೆ ಅಂತಲೇ ಚಕ್ರದ ಹಿಂದೆ ದೋಸೆ ತಟ್ಟೆಗಿಂತ ಚಿಕ್ಕದಾದ ದುಂಡನೆಯ ಪ್ಲಾಸ್ಟಿಕ್ ಡಬ್ಬಿ ಇಟ್ಟಿರುತ್ತಾರೆ. ಒಳಗೆ ಚಪ್ಪಟೆ ಪಟ್ಟಿಯಂಥ ಕೇಬಲ್ಲನ್ನು ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿಟ್ಟಿರುತ್ತದೆ. ಹೆಸರೂ ಕ್ಲಾಕ್ ಸ್ಪ್ರಿಂಗ್ ಅಂತಲೇ. ಕೆಲವರು ಸ್ಪೈರಲ್ ಕೇಬಲ್ ಅನ್ನುತ್ತಾರೆ. ಎಡಕ್ಕೆ ತಿರುಗಿಸಿದರೆ ಸುರುಳಿ ಬಿಗಿಯುತ್ತದೆ, ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ, ಅಥವಾ ಉಲ್ಟಾ. ವರ್ಷಗಟ್ಟಲೆ ಹೀಗೆ ಬಿಗಿದು ಸಡಿಲಿ, ಬಿಗಿದು ಸಡಿಲಿ, ಪಟ್ಟಿಯೊಳಗಿನ ತಾಮ್ರ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ.

ಹಾರ್ನ್ ಸ್ವಿಚ್ಚೂ ಚಕ್ರದ ಮೇಲೇ ಇದೆ. ಸ್ಟೀರಿಂಗಿನ ಮೇಲಿನ ಆಡಿಯೋ ಬಟನ್ನುಗಳೂ ಅಲ್ಲೇ. ಇವೆಲ್ಲದರ ಕರೆಂಟು ಹೋಗುವುದು ಇದೇ ಪಟ್ಟಿಯಲ್ಲಿ, ಬೇರೆ ಬೇರೆ ಗೆರೆಗಳಾಗಿ. ಅದಕ್ಕೇ ಏರ್‌ಬ್ಯಾಗ್ ದೀಪದ ಜೊತೆಗೆ ಹಾರ್ನ್ ಕೈಕೊಟ್ಟರೆ, ಅದರಲ್ಲೂ ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಕೈಕೊಟ್ಟರೆ, ಮುಕ್ಕಾಲು ಪಾಲು ಕ್ಲಾಕ್ ಸ್ಪ್ರಿಂಗೇ. ಬಿರುಕು ನೇರ ರಸ್ತೆಯಲ್ಲಿ ಕೂಡಿಕೊಂಡಿರುತ್ತದೆ, ತಿರುವಿನಲ್ಲಿ ಬಾಯಿ ಬಿಡುತ್ತದೆ. ಚಾರ್ಮಾಡಿಯ ತಿರುವುಗಳು ನನಗೆ ಪುಕ್ಕಟೆ ರೋಗ ಪತ್ತೆ ಮಾಡಿಕೊಟ್ಟಿದ್ದವು. ಓದಲು ಬರಲಿಲ್ಲ ಅಷ್ಟೇ.

ಕೋಡ್ ಓದುವುದು

ನಮ್ಮ ಎಲೆಕ್ಟ್ರಿಷಿಯನ್ ಕೊನೆಗೆ ಸ್ಕ್ಯಾನರ್ ತೆಗೆದರು. ಇಲ್ಲಿ ಒಂದು ಮಾತು. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಒಳಗೆ ಸಿಗುವ ಪುಟ್ಟ ಬ್ಲೂಟೂತ್ ಓದುಗಗಳು ಸಾಮಾನ್ಯವಾಗಿ ಎಂಜಿನ್ನಿನ ಕೋಡ್ ಮಾತ್ರ ಓದುತ್ತವೆ. 'ಪಿ' ಅಕ್ಷರದಿಂದ ಶುರುವಾಗುವವು. ಏರ್‌ಬ್ಯಾಗಿನ ಕೋಡ್‌ಗಳು 'ಬಿ'ಯಿಂದ ಶುರುವಾಗುತ್ತವೆ, ಅದಕ್ಕೆ ಬೇರೆ ಮಾಡ್ಯೂಲಿನ ಜೊತೆ ಮಾತಾಡಲು ಗೊತ್ತಿರುವ ಸ್ಕ್ಯಾನರ್ ಬೇಕು. ಅಗ್ಗದ್ದು 'ಯಾವ ದೋಷವೂ ಇಲ್ಲ' ಅಂದರೆ ಖುಷಿಪಡಬೇಡಿ. ಅದು ಆ ಕೋಣೆಯ ಬಾಗಿಲು ತಟ್ಟಿಯೇ ಇಲ್ಲ. ಇನ್ನೂ ಹಳೆಯ ಕೆಲವು ಕಾರುಗಳಲ್ಲಿ ಸ್ಕ್ಯಾನರೇ ಬೇಡ. ಒಂದು ನಿರ್ದಿಷ್ಟ ಪಿನ್ನು ಜೋಡಿಸಿದರೆ ದೀಪವೇ ಮಿಣುಕಿ ಮಿಣುಕಿ ಸಂಖ್ಯೆ ಹೇಳುತ್ತದೆ. ಎರಡು ಸಲ ಮಿಣುಕಿ, ಕೊಂಚ ನಿಂತು, ನಾಲ್ಕು ಸಲ ಮಿಣುಕಿದರೆ 24. ಆ ಪಿನ್ನು ಯಾವುದು ಅಂತ ಆ ಕಾರಿನ ಸರ್ವಿಸ್ ಮ್ಯಾನುಯಲ್ ನೋಡದೆ ಕೈ ಹಾಕಬಾರದು.

ನನ್ನ ಕಾರಿನ ಪರದೆ ಮೇಲೆ ಬಂದದ್ದು, ಚಾಲಕನ ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ರೆಸಿಸ್ಟೆನ್ಸ್ ಜಾಸ್ತಿ ಅಂತ. ಇದನ್ನು ಓದುವಾಗಲೇ ಬಹಳ ಜನ ಎಡವುವುದು. 'ಚಾಲಕನ ಏರ್‌ಬ್ಯಾಗ್' ಅಂತ ಕಂಡಿತು, ಏರ್‌ಬ್ಯಾಗ್ ಬದಲಿಸಿ ಅನ್ನುತ್ತಾರೆ. ಕೋಡ್ ಹಾಗೆ ಹೇಳಿಲ್ಲ. ಮಾಡ್ಯೂಲಿನಿಂದ ಚೀಲದವರೆಗಿನ ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ ಅಂದಿದೆ. ದಾರಿಯಲ್ಲಿ ನೆಲದ ವೈರು ಇದೆ, ಸ್ಟೀರಿಂಗ್ ಬುಡದ ಕಪ್ಲರ್ ಇದೆ, ಕ್ಲಾಕ್ ಸ್ಪ್ರಿಂಗ್ ಇದೆ, ಚೀಲದ ಬೆನ್ನಿನ ಕಪ್ಲರ್ ಇದೆ, ಕೊನೆಗೆ ಚೀಲ. ಊರಿಗೆ ಕರೆಂಟು ಬರಲಿಲ್ಲ ಅಂದ ಮಾತ್ರಕ್ಕೆ ಮನೆಯ ಬಲ್ಬ್ ಬದಲಿಸುತ್ತೇವಾ?

ಇನ್ನೊಂದು ಸೂಕ್ಷ್ಮ. ಸ್ಕ್ಯಾನರ್ ಕೋಡ್ ಜೊತೆಗೆ ಅದು ಈಗಲೂ ಇರುವ ದೋಷವಾ, ಹಿಂದೆ ಬಂದು ಹೋದದ್ದಾ ಅಂತಲೂ ತೋರಿಸುತ್ತದೆ. ನನ್ನದು 'ಹಿಂದಿನದು' ಅಂತ ತೋರಿಸಿತು. ಎಲೆಕ್ಟ್ರಿಷಿಯನ್ ಸ್ಟೀರಿಂಗನ್ನು ನಿಧಾನವಾಗಿ ಎಡಕ್ಕೆ ಪೂರ್ತಿ ತಿರುಗಿಸಿದರು. ಪರದೆಯ ಮೇಲೆ ಓಮ್ ಅಂಕಿ 2ರ ಆಸುಪಾಸಿನಲ್ಲಿದ್ದದ್ದು ಕುಣಿಯಲು ಶುರು ಮಾಡಿತು. ಕೊನೆಯ ಕಾಲು ಸುತ್ತಿನಲ್ಲಿ ಅಂಕಿಯೇ ಮಾಯ. 'ಹಿಂದಿನದು' ಈಗ 'ಈಗಿನದು' ಆಯಿತು. ವಾಪಸ್ ತಿರುಗಿಸಿದರೆ ಮತ್ತೆ 2. ನನಗೆ ಡಾಕ್ಟರು ಎಕ್ಸ್‌ರೇ ತೋರಿಸಿದ ಹಾಗಾಯಿತು.

ಆದರೂ ಅವರು ಅಷ್ಟಕ್ಕೇ ಬಿಡಲಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಎಲೆ ಅಡಿಕೆ ಹಾಕಿಕೊಂಡು ಕೂತರು. ಯಾಕೆ ಅಂದೆ. ಮಾಡ್ಯೂಲಿನೊಳಗೆ ಕೆಪಾಸಿಟರ್ ಇದೆ. ಡಿಕ್ಕಿಯಲ್ಲಿ ಬ್ಯಾಟರಿ ಜಜ್ಜಿಹೋದರೂ ಏರ್‌ಬ್ಯಾಗ್ ಸಿಡಿಯಬೇಕಲ್ಲ, ಅದಕ್ಕೆ ಅಷ್ಟು ಕರೆಂಟು ಕೂಡಿಟ್ಟುಕೊಂಡಿರುತ್ತದೆ. ಅದು ಖಾಲಿಯಾಗಲು ಹೊತ್ತು ಬೇಕು. ಕಾರಿಗೆ ತಕ್ಕ ಹಾಗೆ ಒಂದು ನಿಮಿಷದಿಂದ ಹತ್ತು ನಿಮಿಷದವರೆಗೆ ಕಾಯಲು ಮ್ಯಾನುಯಲ್‌ಗಳು ಹೇಳುತ್ತವೆ. ಆಮೇಲೆ ಚೀಲ ಬಿಚ್ಚಿದರು. ಅದನ್ನು ಎತ್ತಿಕೊಂಡು ಹೋದ ರೀತಿ ನೋಡಬೇಕಿತ್ತು. ಚೀಲದ ಮುಖ ಮೈಯಿಂದ ಆಚೆಗೆ, ಬೆನ್ನು ತಮ್ಮ ಕಡೆಗೆ. ಬೆಂಚಿನ ಮೇಲೆ ಇಟ್ಟದ್ದೂ ಮುಖ ಮೇಲೆ ಮಾಡಿ. ಕವುಚಿ ಹಾಕಿದಾಗ ಸಿಡಿದರೆ ಇಡೀ ಡಬ್ಬಿಯೇ ರಾಕೆಟ್ಟಿನ ಹಾಗೆ ಹಾರುತ್ತದೆ.

ಚೀಲದ ಜಾಗಕ್ಕೆ ಅವರು ಜೋಡಿಸಿದ್ದು ಸುಮಾರು 2 ಓಮ್‌ನ ಒಂದು ರೆಸಿಸ್ಟರ್. ಆಮೇಲೆ ಬ್ಯಾಟರಿ ಕೊಟ್ಟು ಮತ್ತೆ ಸ್ಕ್ಯಾನ್. ಉಪಾಯ ಸರಳ. ನಕಲಿ ಚೀಲ ಹಾಕಿದಾಗ ದೋಷ ಹೋದರೆ ನಿಜವಾದ ಚೀಲ ಕೆಟ್ಟಿದೆ. ಹೋಗದಿದ್ದರೆ ದಾರಿಯೇ ಕೆಟ್ಟಿದೆ. ನನ್ನದರಲ್ಲಿ ಎಡಕ್ಕೆ ತಿರುಗಿಸಿದಾಗ ದೋಷ ಹಾಗೇ ಬಂತು. ಚೀಲ ನಿರಪರಾಧಿ. ಇದೇ ರೆಸಿಸ್ಟರನ್ನು ಶಾಶ್ವತವಾಗಿ ಒಳಗೆ ಬೆಸೆದು ದೀಪ ಆರಿಸಿ ಕಾರು ಮಾರುವವರೂ ಇದ್ದಾರೆ. ಪರೀಕ್ಷೆಗೆ ಅದು ಸಾಧನ, ಕಾರಿನಲ್ಲಿ ಬಿಟ್ಟರೆ ಮೋಸ.

ಮನೆಯಲ್ಲಿ ಮಲ್ಟಿಮೀಟರ್ ಇದೆ, ನಾನೇ ಚೀಲದ ಓಮ್ ಅಳೆದು ನೋಡ್ತೀನಿ ಅನ್ನುವವರಿಗೆ: ಬೇಡ. ಮೀಟರ್ ಕೂಡ ಕರೆಂಟು ಕಳಿಸಿಯೇ ಅಳೆಯುವುದು. ಕಂಪನಿಗಳ ಮ್ಯಾನುಯಲ್‌ಗಳು ಇದನ್ನು ಸ್ಪಷ್ಟವಾಗಿ ಬೇಡ ಅನ್ನುತ್ತವೆ. ಹಳದಿ ಕಪ್ಲರ್ ಬಿಚ್ಚಿಟ್ಟು ಕೀ ಆನ್ ಮಾಡುವುದೂ ಬೇಡ, ಇಲ್ಲದ ದೋಷಕ್ಕೆ ಹೊಸ ಕೋಡ್ ಬರುತ್ತದೆ. ಸೀಟಿನಡಿ ಬಗ್ಗಿ ನೋಡಿ, ವೈರು ಸಿಕ್ಕಿಹಾಕಿಕೊಂಡಿದೆಯಾ, ಕಪ್ಲರ್ ಕಳಚಿದೆಯಾ, ಒದ್ದೆಯಾಗಿದೆಯಾ ಅಂತ ಫೋಟೋ ತೆಗೆದುಕೊಳ್ಳಿ. ಹಾರ್ನ್ ಪರೀಕ್ಷೆ ಮಾಡಿ. ಬ್ಯಾಟರಿ ವೋಲ್ಟೇಜ್ ನೋಡಿಸಿ. ಇಷ್ಟು ನಮ್ಮ ಕೆಲಸ. ಬಿಚ್ಚುವುದು ಬಲ್ಲವರ ಕೆಲಸ.

ದೀಪಕ್ಕೆ ಕಾಣದ್ದು

ಇಷ್ಟು ಹೊತ್ತು ದೀಪವನ್ನು ಹೊಗಳಿದ್ದಾಯಿತು. ಅದಕ್ಕೆ ಗೊತ್ತಾಗದ್ದೂ ಇದೆ. ಅದು ಅಳೆಯುವುದು ಕರೆಂಟಿನ ದಾರಿಯನ್ನು. ಡಬ್ಬಿಯೊಳಗಿನ ರಾಸಾಯನಿಕ ಹೇಗಿದೆ, ಚೀಲದ ಬಟ್ಟೆ ಹೇಗಿದೆ ಅಂತ ಅದಕ್ಕೆ ಕಾಣುವುದಿಲ್ಲ. ಇದಕ್ಕೆ ಜಗತ್ತು ಕಂಡ ದೊಡ್ಡ ಉದಾಹರಣೆ ಟಕಾಟಾ. ಜಪಾನಿನ ಈ ಕಂಪನಿ ತನ್ನ ಇನ್‌ಫ್ಲೇಟರ್‌ಗಳಲ್ಲಿ ಅಮೋನಿಯಂ ನೈಟ್ರೇಟ್ ಬಳಸಿತ್ತು. ವರ್ಷಗಟ್ಟಲೆ ಸೆಕೆ, ತೇವ ಕುಡಿದ ಮೇಲೆ ಅದು ಅಳತೆ ಮೀರಿ ಜೋರಾಗಿ ಉರಿಯತೊಡಗಿತು. ಚೀಲ ಉಬ್ಬಿಸುವ ಬದಲು ಡಬ್ಬಿಯೇ ಒಡೆದು ಲೋಹದ ಚೂರುಗಳು ಎದುರಿಗೆ ಕೂತವರಿಗೆ ನುಗ್ಗಿದವು. ಹಲವು ದೇಶಗಳಲ್ಲಿ ಜನ ಸತ್ತರು. ಕೋಟಿಗಟ್ಟಲೆ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. 2017ರಲ್ಲಿ ಕಂಪನಿ ದಿವಾಳಿಯಾಯಿತು.

ಆ ಕಾರುಗಳಲ್ಲಿ ದೀಪ ಹೊತ್ತಿರಲಿಲ್ಲ. ಸ್ಕ್ವಿಬ್ ಚೆನ್ನಾಗಿತ್ತು, ರೆಸಿಸ್ಟೆನ್ಸ್ ಸರಿಯಾಗಿತ್ತು, ಮಾಡ್ಯೂಲ್ ತೃಪ್ತಿಯಿಂದ ಸುಮ್ಮನಿತ್ತು. ಭಾರತದಲ್ಲೂ ಹೋಂಡಾ ತನ್ನ ಹಳೆಯ ಸಿಟಿ, ಜಾಝ್, ಸಿವಿಕ್, ಅಕಾರ್ಡ್‌ನಂಥ ಕಾರುಗಳನ್ನು ಕರೆಸಿ ಈ ಇನ್‌ಫ್ಲೇಟರ್‌ಗಳನ್ನು ಉಚಿತವಾಗಿ ಬದಲಿಸಿಕೊಟ್ಟಿತು. ಸೆಕೆ ಮತ್ತು ತೇವ ಅಂದರೆ ನಮ್ಮ ಕರಾವಳಿಯ ಚಿತ್ರವೇ, ಅಲ್ವಾ? ಹಳೆ ಕಾರು ಇದ್ದವರು, ಅದರಲ್ಲೂ ಸೆಕೆಂಡ್ ಹ್ಯಾಂಡ್ ಕೊಂಡವರು, ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ರೀಕಾಲ್ ಬಾಕಿ ಇದೆಯಾ ಅಂತ ನೋಡುವುದು ಒಳ್ಳೆಯದು. ಹಿಂದಿನ ಮಾಲೀಕರಿಗೆ ಬಂದ ಪತ್ರ ನಿಮಗೆ ತಲುಪಿರುವುದಿಲ್ಲ. ಗುಜರಿಯಿಂದ ತಂದ ಹಳೆ ಏರ್‌ಬ್ಯಾಗ್ ಹಾಕಿಸಬೇಡಿ ಅನ್ನುವುದೂ ಇದೇ ಕಾರಣಕ್ಕೆ. ಅದು ಯಾವ ಕಾರಿನದು, ನೀರಲ್ಲಿ ಮುಳುಗಿತ್ತಾ, ರೀಕಾಲ್ ಆಗಿತ್ತಾ, ಯಾರಿಗೆ ಗೊತ್ತು? 2 ಓಮ್ ತೋರಿಸುತ್ತದೆ, ದೀಪ ಆರುತ್ತದೆ, ಅಷ್ಟೇ.

ಸೆಕೆಂಡ್ ಹ್ಯಾಂಡ್ ಅಂದಾಗ ನೆನಪಾಯಿತು. ಹಳೆ ಕಾರು ನೋಡಲು ಹೋದಾಗ ಕೀಯನ್ನು ಸ್ಟಾರ್ಟ್ ಮಾಡದೆ ಆನ್‌ವರೆಗೆ ಮಾತ್ರ ತಿರುಗಿಸಿ. ಏರ್‌ಬ್ಯಾಗ್ ದೀಪ ಹೊತ್ತಿ, ನಾಲ್ಕರಿಂದ ಏಳು ಸೆಕೆಂಡಿನಲ್ಲಿ ತಾನಾಗಿ ಆರಬೇಕು. ಆರದಿದ್ದರೆ ದೋಷ ಇದೆ. ಹೊತ್ತಲೇ ಇಲ್ಲ ಅಂದರೆ ಅದು ಇನ್ನೂ ಕೆಟ್ಟದ್ದು. ನನಗೆ ಟೀ ಕುಡಿದು ಬನ್ನಿ ಅಂದ ಗ್ಯಾರೇಜಿನಂಥ ಕಡೆ ಆ ಕಾರು ಹೋಗಿ ಬಂದಿರಬಹುದು. ಪಕ್ಕದ ಆಯಿಲ್ ದೀಪದ ಜೊತೆ ವೈರು ಕೂಡಿಸಿ, ಅದು ಆರಿದಾಗ ಇದೂ ಆರುವ ಹಾಗೆ ಮಾಡುವ ಕೈಚಳಕವೂ ಇದೆ. ಎಂಜಿನ್ ಸ್ಟಾರ್ಟ್ ಮಾಡದೆ ಕಾದು ನೋಡಿ ಅನ್ನುವುದು ಇದಕ್ಕೇ. ಆಯಿಲ್ ದೀಪ ಎಂಜಿನ್ ನಿಂತಿರುವಷ್ಟು ಹೊತ್ತೂ ಉರಿಯುತ್ತಿರುತ್ತದೆ, ಏರ್‌ಬ್ಯಾಗ್ ದೀಪ ಅದಕ್ಕೂ ಮುಂಚೆ ತಾನೊಂದೇ ಆರಬೇಕು. ಏರ್‌ಬ್ಯಾಗೇ ಇಲ್ಲದ ಮಾಡೆಲ್ ಆದರೆ ದೀಪವೂ ಇರುವುದಿಲ್ಲ, ಅದು ಬೇರೆ. ನಮ್ಮಲ್ಲಿ ಹೊಸ ಕಾರಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರ ಜುಲೈ 1ರಿಂದ. ಅದಕ್ಕೂ ಹಿಂದಿನ ಎಷ್ಟೋ ಮಾಡೆಲ್‌ಗಳಲ್ಲಿ ಜಾಸ್ತಿ ದುಡ್ಡು ಕೊಟ್ಟವರಿಗೆ ಮಾತ್ರ ಸಿಗುತ್ತಿತ್ತು.

ಈಗ ಆ ಎರಡನೇ ಪ್ರಶ್ನೆ. ದೀಪಕ್ಕೂ ಮುಂಚೆ ಗಾಡಿಗೆ ಏನು ಮಾಡಿಸಿದ್ದೆ? ನಾಲ್ಕು ತಿಂಗಳ ಹಿಂದೆ ಒಂದು ಕಡೆ, ಸ್ಟೀರಿಂಗ್ ತಿರುವನ್ನು ಗಾಲಿಗಳಿಗೆ ಮುಟ್ಟಿಸುವ ಸ್ಟೀರಿಂಗ್ ರ‍್ಯಾಕ್ ಬಿಚ್ಚಿಸಿ ರಿಪೇರಿ ಮಾಡಿಸಿದ್ದೆ. ಅದನ್ನು ಕೇಳಿದ್ದೇ ತಡ, ಎಲೆಕ್ಟ್ರಿಷಿಯನ್ ನಕ್ಕರು. ರ‍್ಯಾಕ್ ಬಿಚ್ಚಿದಾಗ ಸ್ಟೀರಿಂಗ್ ಚಕ್ರಕ್ಕೆ ತಡೆಯೇ ಇರುವುದಿಲ್ಲ, ಎಷ್ಟು ಸುತ್ತಾದರೂ ತಿರುಗುತ್ತದೆ. ಸುರುಳಿಗೆ ಮಾತ್ರ ಲೆಕ್ಕ ಇದೆ. ನಡುವಿನಿಂದ ಆಚೆ ಈಚೆ ಎರಡೆರಡೂವರೆ ಸುತ್ತು, ಅದಕ್ಕಿಂತ ಜಾಸ್ತಿ ಹೋದರೆ ಪಟ್ಟಿ ಎಳೆದುಕೊಳ್ಳುತ್ತದೆ. ಬಿಚ್ಚುವ ಮುಂಚೆ ಚಕ್ರವನ್ನು ನೇರ ಮಾಡಿ ಕಟ್ಟಿಹಾಕಬೇಕು. ಅಲ್ಲಿ ಯಾರೋ ಚಕ್ರವನ್ನು ಒಂದು ಸುತ್ತು ಜಾಸ್ತಿ ತಿರುಗಿಸಿ ಹಾಗೇ ಜೋಡಿಸಿದ್ದಾರೆ. ಅಂದಿನಿಂದ ನಾನು ಪೂರ್ತಿ ಎಡಕ್ಕೆ ತಿರುಗಿಸಿದಾಗೆಲ್ಲ ಪಟ್ಟಿ ತುದಿಮುಟ್ಟ ಎಳೆದುಕೊಂಡು, ಘಾಟಿಯಲ್ಲಿ ಕೈಬಿಟ್ಟಿದೆ.

ಹೊಸ ಕ್ಲಾಕ್ ಸ್ಪ್ರಿಂಗ್ ಕೆಲವೇ ಸಾವಿರದಲ್ಲಿ ಮುಗಿಯಿತು. ಮೊದಲಿನವರು ಹೇಳಿದ ಮೂವತ್ತು ಸಾವಿರದ ಹತ್ತಿರಕ್ಕೂ ಹೋಗಲಿಲ್ಲ. ಹೊಸದು ನಡುವಿಗೆ ಸರಿಯಾಗಿ ನಿಂತ ಹಾಗೆ ಒಂದು ಪ್ಲಾಸ್ಟಿಕ್ ಬೆಣೆ ಹಾಕಿಕೊಂಡೇ ಬಂದಿತ್ತು. ಕೂರಿಸಿದ ಮೇಲೆಯೇ ಅದನ್ನು ಕಿತ್ತರು. ಕೋಡ್ ಅಳಿಸಿ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ತಿರುಗಿಸಿ, ಪ್ರತಿ ಸಲವೂ ಹಾರ್ನ್ ಒತ್ತಿದರು. ಎದುರಿನ ಬೇಕರಿಯವರು ಹೊರಗೆ ಬಂದು ನೋಡಿದರು.

ಹಳೆಯದನ್ನು ಕೇಳಿ ಮನೆಗೆ ತಂದೆ. ಮಗಳು ಡಬ್ಬಿ ಬಿಚ್ಚಿ ಪಟ್ಟಿ ಎಳೆದಳು. ಬಂದೇ ಬಂತು, ಅವಳ ಎರಡು ತೋಳಿಗೂ ಮೀರಿ. ಒಂದು ತುದಿಯ ಹತ್ತಿರ ಪಟ್ಟಿ ಮಡಚಿ ಬಿಳಿಚಿಕೊಂಡಿತ್ತು. ಬೆಳಕಿಗೆ ಹಿಡಿದರೆ ಐದಾರು ತಾಮ್ರದ ಗೆರೆ, ಅದರಲ್ಲಿ ಎರಡು ಕೂದಲೆಳೆಯಷ್ಟು ಕತ್ತರಿಸಿದ್ದವು. "ಇಷ್ಟಕ್ಕೇನಾ ಕುಂಬಳಕಾಯಿ ಮಾಮ ಬಂದಿದ್ದು?" ಅಂದಳು. ಇಷ್ಟಕ್ಕೇ.